ಬಾಬ್ ಅವರ ನಂತರ ಯಾರು? ನೇಮಕಪತ್ರವೋ, ‘ಬರಲಿರುವವರ’ ಘೋಷಣೆಯೋ: ಪರ-ವಿರೋಧ

1844ರ ಮೇ ತಿಂಗಳಲ್ಲಿ ಇರಾನಿನ ಶಿರಾಜ್ ನಗರದ ಯುವ ವರ್ತಕ ಸೈಯದ್ ಅಲಿ ಮುಹಮ್ಮದ್ ತಮ್ಮನ್ನು ‘ಬಾಬ್’, ಅಂದರೆ ಬಾಗಿಲು, ಎಂದು ಘೋಷಿಸಿಕೊಂಡರು. ಶಿಯಾ ಮುಸ್ಲಿಮರ ಹನ್ನೆರಡನೆಯ ಇಮಾಮರು ಮರೆಯಾದದ್ದು ಹಿಜರಿ 260ರಲ್ಲಿ. ಈ ಘೋಷಣೆಯಾದದ್ದು ಸರಿಯಾಗಿ ಸಾವಿರ ವರ್ಷಗಳ ಬಳಿಕ, ಹಿಜರಿ 1260ರಲ್ಲಿ. ಮುಂದೆ ಅವರು ತಾವೇ ನಿರೀಕ್ಷಿತ ಖಾಯಿಮ್, ಅಂದರೆ ಮರಳಿ ಬರಬೇಕಾದ ಆ ಇಮಾಮರು, ಎಂದರು, ‘ಬಯಾನ್’ ಎಂಬ ಹೊಸ ಗ್ರಂಥ ಕೊಟ್ಟರು. 1850ರ ಜುಲೈ 9ರಂದು ತಬ್ರೀಜಿನಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅನುಯಾಯಿಗಳ ಕೈಯಲ್ಲಿ ಉಳಿದದ್ದು ಎರಡು: ‘ಸುಬ್‌ಹ್-ಎ-ಅಜಲ್’ ಎಂದು ಹೆಸರಾದ ಮಿರ್ಜಾ ಯಹ್ಯಾ ಅವರ ನೇಮಕಪತ್ರ ಮತ್ತು ‘ದೇವರು ಪ್ರಕಟಪಡಿಸಲಿರುವವರು’ ಬರುತ್ತಾರೆಂಬ ಮಾತು. ಯಹ್ಯಾ ಅವರ ಮಲಸಹೋದರ, ವಯಸ್ಸಿನಲ್ಲಿ ಹದಿನಾಲ್ಕು ವರ್ಷ ಹಿರಿಯರಾದ ಬಹಾವುಲ್ಲಾ, ಆ ಬರಲಿರುವವರು ತಾವೇ ಎಂದು 1863ರಲ್ಲಿ ಬಾಗ್ದಾದಿನ ತೋಟವೊಂದರಲ್ಲಿ ಆಪ್ತರಿಗೆ ತಿಳಿಸಿದರೆಂದು ಅವರ ಅನುಯಾಯಿಗಳಾದ ಬಹಾಯಿಗಳು ಹೇಳುತ್ತಾರೆ; 1866ರ ಹೊತ್ತಿಗೆ ಆಟೋಮನ್ ಸಾಮ್ರಾಜ್ಯದ ಎದಿರ್ನೆ ನಗರದಲ್ಲಿ ಅದು ಬಹಿರಂಗವಾಗಿ, ಪಂಥ ಒಡೆಯಿತು. ನೇಮಕಗೊಂಡವರು ಬದುಕಿರುವಾಗಲೇ ನಡೆದ ಈ ಘೋಷಣೆ ಬಾಬ್ ಅವರ ಬೋಧನೆಗೆ ಒಪ್ಪುವಂಥದ್ದೇ?

ಪರ

ಬಯಾನ್ ಓದಿದವರಿಗೆ ಮೊದಲು ಕಾಣುವುದು ಆ ಗ್ರಂಥ ತನ್ನ ಆಚೆಗೇ ಬೆರಳು ತೋರುತ್ತದೆ ಎಂಬುದು. ಬಯಾನೇ ಅಡ್ಡಬಂದು, ಬರಲಿರುವವರನ್ನು ಕಾಣದಂತೆ ಮಾಡಬಾರದೆಂದು ಬಾಬ್ ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಯಾರಾದರೂ ಆ ಸ್ಥಾನ ತಮ್ಮದೆಂದರೆ ಅವರನ್ನು ನೋಯಿಸದೆ, ನಿರ್ಣಯವನ್ನು ದೇವರಿಗೆ ಬಿಡಬೇಕೆಂದೂ ವಿಧಿಸುತ್ತಾರೆ. ಇಂಥ ವ್ಯವಸ್ಥೆಯಲ್ಲಿ ಉತ್ತರಾಧಿಕಾರಿಯ ಕೆಲಸ ಬರಹಗಳನ್ನು ಕಾಪಾಡುವುದು, ಚದುರಿದವರನ್ನು ಕೂಡಿಸಿಡುವುದು. ಯಜಮಾನರು ಬರುವ ತನಕ ಮನೆ ಕಾಯಲು ನಿಂತವರು ಯಜಮಾನರಿಗೇ ಬಾಗಿಲು ಹಾಕುವಂತಿಲ್ಲ.

ಮನೆ ಕಾಯುವ ಕೆಲಸವಾದರೂ ನಡೆಯಿತೇ? 1852ರ ಆಗಸ್ಟ್‌ನಲ್ಲಿ ಬಾಬ್ ಅವರ ಕೆಲವು ಅನುಯಾಯಿಗಳು (ಬಾಬಿಗಳು) ಇರಾನಿನ ದೊರೆ ನಾಸಿರುದ್ದೀನ್ ಷಾನ ಮೇಲೆ ಗುಂಡು ಹಾರಿಸಿದ ನಂತರ ನಡೆದ ಹತ್ಯಾಕಾಂಡದಿಂದ ಸಮುದಾಯ ದಿಕ್ಕೆಟ್ಟಿತ್ತು. ಅಜಲ್ ಮರೆಯಲ್ಲಿ ಬದುಕಿದರು. ಅದನ್ನು ಹೇಡಿತನ ಎನ್ನಲಾರೆ, ಆದರೆ ಮರೆಯಲ್ಲಿದ್ದವರಿಂದ ಮುನ್ನಡೆಸುವ ಕೆಲಸ ಆಗಲಿಲ್ಲ. ಟೆಹರಾನಿನ ‘ಸಿಯಾಹ್ ಚಾಲ್’ ನೆಲಮಾಳಿಗೆಯ ಸೆರೆಯನ್ನೂ ಕುರ್ದಿಸ್ತಾನದ ಎರಡು ವರ್ಷಗಳ ಏಕಾಂತವನ್ನೂ ಕಳೆದು 1856ರಲ್ಲಿ ಬಾಗ್ದಾದಿಗೆ ಮರಳಿದ ಬಹಾವುಲ್ಲಾ ಅವರೇ ಆ ಜನಕ್ಕೆ ಶಿಸ್ತನ್ನೂ, ಕತ್ತಿ ಹಿಡಿಯದೆ ಬದುಕುವ ದಾರಿಯನ್ನೂ ಕೊಟ್ಟರು.

ನೇಮಕವೆಂಬುದು ಬಹಾವುಲ್ಲಾರನ್ನು ಶತ್ರುಗಳ ಕಣ್ಣಿನಿಂದ ಮರೆಸಲು ಹೂಡಿದ ಉಪಾಯವಷ್ಟೇ ಎಂದು ಬಹಾಯಿ ಪರಂಪರೆ ನಂತರ ಹೇಳಿತು. ಆ ವಾದ ದುರ್ಬಲ, ಈ ಪಕ್ಷಕ್ಕೆ ಅದರ ಅಗತ್ಯವೂ ಇಲ್ಲ. ನೇಮಕ ನಿಜವೆಂದೇ ಒಪ್ಪಿದರೂ, ಬರುವವರ ಮುಂದೆ ಅದು ತಾನಾಗಿ ಮುಗಿಯುತ್ತದೆ. ಗ್ರಂಥದ ಅಕ್ಷರ ಹಿಡಿದು ಬಾಬ್ ಅವರನ್ನೇ ತಿರಸ್ಕರಿಸಿದ ಉಲೇಮಾಗಳ, ಅಂದರೆ ಮುಸ್ಲಿಂ ಧರ್ಮಪಂಡಿತರ, ತಪ್ಪನ್ನು ಬಾಬ್ ಅವರ ಶಿಷ್ಯರೇ ಮಾಡಬೇಕಿತ್ತೇ?

ವಿರೋಧ

ಬಯಾನ್ ಏನು ಹೇಳುತ್ತದೆ ಎಂಬುದನ್ನು ಪೂರ್ತಿಯಾಗಿಯೇ ನೋಡಬೇಕು. ನಮ್ಮ ಕಟಪಯಾದಿಯ ಹಾಗೆ ಅಕ್ಷರಗಳಿಗೆ ಸಂಖ್ಯೆ ಕೊಡುವ ಅಬ್ಜದ್ ಲೆಕ್ಕದಲ್ಲಿ, ಬಾಬ್ ಅವರು ಬರಲಿರುವವರ ಕಾಲದ ಬಗ್ಗೆ ಬಳಸಿದ ‘ಗಿಯಾಸ್’ ಪದದ ಬೆಲೆ 1511, ‘ಮುಸ್ತಗಾಸ್’ ಪದದ ಬೆಲೆ 2001; ಇವನ್ನು ವರ್ಷಗಳೆಂದು ಓದಲಾಗುತ್ತದೆ. ಬರುವ ಹೊತ್ತನ್ನು ದೇವರೇ ಬಲ್ಲನೆಂದು ಅವರು ಹೇಳಿದ್ದು ನಿಜ, ಆದರೆ ಹದಿಮೂರೇ ವರ್ಷಗಳಲ್ಲಿ ಮುಗಿಯುವ ಯುಗವನ್ನು ಮನಸ್ಸಿನಲ್ಲಿಟ್ಟವರು ಇಂಥ ಸಂಖ್ಯೆಗಳನ್ನು ಆಡುವುದಿಲ್ಲ. ತಲಾ 19 ದಿನಗಳ 19 ತಿಂಗಳ ಪಂಚಾಂಗ, ಆಸ್ತಿ ಹಂಚಿಕೆಯ ನಿಯಮಗಳು, ಬಯಾನಿಗೆ ನಿಷ್ಠರಾದ ದೊರೆಗಳು ಹೇಗೆ ನಡೆಯಬೇಕೆಂಬ ವಿಧಿಗಳು, ಇವೆಲ್ಲ ತಲೆಮಾರುಗಳು ಬಾಳಬೇಕಾದ ಧರ್ಮದ ಅಡಿಪಾಯ. 19 ಭಾಗಗಳಿಗೆ ಯೋಜಿಸಿದ ಪರ್ಷಿಯನ್ ಬಯಾನ್ 9ನೆಯ ಭಾಗದ ನಡುವೆ ನಿಂತಿತ್ತು; ಅದನ್ನು ಮುಂದುವರಿಸಿ ಬರೆದವರು ಅಜಲ್. ಕಟ್ಟಡ ಮೇಲೇಳುವ ಮೊದಲೇ ಅದರ ಕಾಲ ಮುಗಿಯಿತೆಂದರೆ, ಬಾಬ್ ಇಷ್ಟೆಲ್ಲ ಬರೆದದ್ದು ಯಾರಿಗಾಗಿ?

ಇನ್ನು ‘ಬಂದವರನ್ನು ತಡೆಯಬೇಡಿ’ ಎಂಬ ಮಾತು. ತಡೆಯಬಾರದು ಎಂದರೆ ನಂಬಲೇಬೇಕು ಎಂದಲ್ಲ. ಆ ವರ್ಷಗಳಲ್ಲಿ ‘ನಾನೇ’ ಎಂದವರು ಒಬ್ಬರಲ್ಲ, ಹಲವರು. ‘ದಯ್ಯಾನ್’ ಎಂಬ ಬಿರುದಿನ ಮಿರ್ಜಾ ಅಸದುಲ್ಲಾ ಅವರಲ್ಲೊಬ್ಬರು. ಅವರನ್ನು ಅಜಲ್ ಕಟುವಾಗಿ ಖಂಡಿಸಿ ಬರೆದರು, 1856ರಲ್ಲಿ ಅವರ ಕೊಲೆಯಾಯಿತು. ಆ ರಕ್ತದ ಕಲೆಯನ್ನು ಈ ಪಕ್ಷ ಒಪ್ಪಿಕೊಳ್ಳಲೇಬೇಕು, ಹಾಗೆಯೇ 1872ರಲ್ಲಿ ಪ್ಯಾಲೆಸ್ಟೈನಿನ ಅಕ್ಕಾದಲ್ಲಿ ಕೆಲವು ಬಹಾಯಿಗಳ ಕೈಯಲ್ಲಿ ಸತ್ತ ಮೂವರು ಅಜಲಿಗಳನ್ನು (ಅಜಲ್ ಅನುಯಾಯಿಗಳನ್ನು) ಆ ಪಕ್ಷವೂ ನೆನೆಯಬೇಕು. ಆದರೆ ಇಷ್ಟು ಜನ ಹಕ್ಕು ಸಾಧಿಸುವಾಗ, ಬಾಬ್ ಅವರ ಕೈಬರಹವಿದ್ದ ಒಬ್ಬರಲ್ಲದೆ ಬೇರಾವ ಆಧಾರ ಸಾಮಾನ್ಯ ಭಕ್ತರಿಗಿತ್ತು?

ಬಹಾವುಲ್ಲಾ ಅವರಿಗೂ ಈ ಅಪಾಯ ತಿಳಿದಿತ್ತು. ಅವರ ಧರ್ಮಸಂಹಿತೆ ‘ಕಿತಾಬ್-ಎ-ಅಕ್ದಸ್’ ಸಾವಿರ ವರ್ಷ ತುಂಬುವ ಮೊದಲು ದೇವವಾಣಿ ತಂದೆನೆನ್ನುವವರು ಸುಳ್ಳುಗಾರರೆಂದು ಸಾರುತ್ತದೆ. ತಾವು ಒಳಬಂದ ಬಾಗಿಲಿಗೆ ತಾವೇ ಅಗುಳಿ ಹಾಕಿದಂತಾಯಿತು. ಅಷ್ಟಾದರೂ ಕಲಹ ನಿಲ್ಲಲಿಲ್ಲ. 1892ರಲ್ಲಿ ಅವರು ತೀರಿಕೊಂಡಾಗ, ಲಿಖಿತ ಉಯಿಲಿದ್ದರೂ, ಹಿರಿಯ ಮಗ ಅಬ್ದುಲ್ ಬಹಾ ಮತ್ತು ಅವರ ಮಲತಮ್ಮ ಮುಹಮ್ಮದ್ ಅಲಿ ಎದುರುಬದುರಾದರು. ಅಬ್ದುಲ್ ಬಹಾ ಅವರ ನಂತರ ಬಹಾಯಿಗಳ ‘ಪಾಲಕ’ರಾಗಿದ್ದ ಅವರ ಮೊಮ್ಮಗ ಶೋಘಿ ಎಫೆಂದಿ 1957ರಲ್ಲಿ ಉಯಿಲು ಬರೆಯದೆ ಲಂಡನ್ನಿನಲ್ಲಿ ತೀರಿಕೊಂಡರು. 1960ರಲ್ಲಿ ಬಹಾಯಿ ಮುಖಂಡ ಮೇಸನ್ ರೀಮಿ ತಾವೇ ಮುಂದಿನ ಪಾಲಕರೆಂದು ಘೋಷಿಸಿ ಬಹಿಷ್ಕೃತರಾದರು. ಲಿಖಿತ ನೇಮಕವೇ ಅಂತಿಮ ಎಂದು ಅಬ್ದುಲ್ ಬಹಾ ಪರವಾಗಿ ಹೇಳುವವರು, ಅಜಲ್ ವಿಷಯದಲ್ಲಿ ಅದೇ ಅಳತೆಗೋಲನ್ನು ಏಕೆ ಬಳಸುವುದಿಲ್ಲ?

ದೆಹಲಿಯಲ್ಲಿ ಬಹಾಯಿಗಳ ಕಮಲ ಮಂದಿರ ಕಂಡವರಿಗೆ ಈ ವ್ಯಾಜ್ಯ ಎಂದೋ ತೀರ್ಮಾನವಾದಂತೆ ತೋರಬಹುದು. ಗೆದ್ದವರ ಸಂಖ್ಯೆ ಗ್ರಂಥದ ಅರ್ಥವನ್ನು ನಿರ್ಣಯಿಸುವುದಿಲ್ಲ. 1868ರಲ್ಲಿ ಆಟೋಮನ್ ಸರ್ಕಾರ ಬಹಾವುಲ್ಲಾರನ್ನು ಅಕ್ಕಾಕ್ಕೂ ಅಜಲ್‌ರನ್ನು ಸೈಪ್ರಸಿನ ಫಾಮಗುಸ್ತಾಕ್ಕೂ ಕಳಿಸಿತು. ಅಲ್ಲಿಯೇ 1912ರ ಏಪ್ರಿಲ್‌ನಲ್ಲಿ ಅಜಲ್ ತೀರಿಕೊಂಡಾಗ ಬಯಾನಿನ ವಿಧಿಯಂತೆ ಅಂತ್ಯಕ್ರಿಯೆ ನಡೆಸಲು ಆ ಊರಿನಲ್ಲಿ ಬಾಬಿ ಸಮುದಾಯವೇ ಇರಲಿಲ್ಲ. ಊರಿನ ಮುಸ್ಲಿಂ ಇಮಾಮರು ಬಂದು ಅವರನ್ನು ಮಣ್ಣುಮಾಡಿದರು.