ಸಿಸ್ಟರ್, ಮೊದ್ಲು ನೀವು ಸಣ್ಣ ಆಗಿ

ಹೋದ ವಾರ ಒಬ್ರು ಅಂಕಲ್‌ಗೆ ಡಿಸ್ಚಾರ್ಜ್ ಟೈಮಲ್ಲಿ ಊಟದ್ದು ಹೇಳ್ತಿದ್ದೆ, ಅನ್ನ ಕಮ್ಮಿ ಮಾಡಿ, ಸಂಜೆ ಬೋಂಡ ಬೇಡ, ದಿನಾ ಅರ್ಧ ಗಂಟೆ ನಡೀರಿ ಅಂತ. ನನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿ "ಅದೆಲ್ಲಾ ಸರಿ ಸಿಸ್ಟರ್, ಮೊದ್ಲು ನೀವು ಸಣ್ಣ ಆಗಿ" ಅಂದ್ರು. ಪಕ್ಕದ ಬೆಡ್ಡಿನ ಪೇಷಂಟ್ ಕಡೆಯವ್ರೂ ನಕ್ರು. ನಾನೂ ನಕ್ಕೆ, ಇನ್ನೇನ್ ಮಾಡ್ಲಿ.

ಸುಳ್ಳೇನಲ್ಲ ಬಿಡಿ. ನಾನು 5 ಅಡಿ 2 ಇಂಚು, 84 ಕೆಜಿ. ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 34ರ ಹತ್ರ. ನಮ್ಮ ಜನಕ್ಕೆ 23 ದಾಟಿದ್ರೆ ಓವರ್‌ವೇಟ್, 25 ದಾಟಿದ್ರೆ ಒಬೆಸಿಟಿ, ಅಂದ್ರೆ ಬೊಜ್ಜು ಅಂತ ಹೊಸ ಹುಡುಗೀರಿಗೆ ಹೇಳ್ಕೊಡೋಳು ನಾನೇ!

ಆದ್ರೆ ಈ 84 ಎಲ್ಲಿಂದ ಬಂತು ಅಂತಾನೂ ಕೇಳ್ಬೇಕಲ್ವಾ. ನೈಟ್ ಡ್ಯೂಟಿ ರಾತ್ರಿ 8ರಿಂದ ಬೆಳಿಗ್ಗೆ 8, ಡಬ್ಬಿ ಬಿಚ್ಚೋಷ್ಟ್ರಲ್ಲಿ ಯಾರಿಗೋ ಡ್ರಿಪ್ ಔಟ್ ಆಗಿರತ್ತೆ, ಎರಡು ಗಂಟೆಗೆ ಕ್ಯಾಂಟೀನಿಗೆ ಓಡಿದ್ರೆ ಇರೋದು ಪಫ್ಸು, ಸಕ್ಕರೆ ಪಾಕದಂಥ ಟೀ. ಮಗು ಆಯ್ತಾ, ಪೇಡ. ಅಪ್ಪ ಹುಷಾರಾಗಿ ಮನೆಗ್ ಹೊರಟ್ರಾ, ಮೈಸೂರ್‌ಪಾಕ್. ಬೇಡ ಅಂದ್ರೆ ಪಾಪ ಬೇಜಾರ್ ಮಾಡ್ಕೋತಾರೆ. ಹಗಲು ಮಲಗೋಣ ಅಂದ್ರೆ ಮನೇಲಿ ಅತ್ತೆ, ಮಕ್ಕಳು, ಕುಕ್ಕರ್ ಸೀಟಿ. ವರ್ಷಕ್ಕೊಂದ್ಸಲ ಒಬೆಸಿಟಿ ಡೇಗೆ ಬ್ಯಾನರ್ ಕಟ್ಟಿ ಫೋಟೋ ತೆಗ್ಸೋ ಮ್ಯಾನೇಜ್ಮೆಂಟಿನವ್ರು ಆ ಕ್ಯಾಂಟೀನಲ್ಲಿ ರಾತ್ರಿ ಎರಡು ಚಪಾತಿ ಪಲ್ಯ ಇಡ್ಸಿದ್ರೆ ಸಾಕಿತ್ತು.

ಇನ್ನು ಸಣ್ಣಗಿರೋ ಡಾಕ್ಟರೆಲ್ಲಾ ಮಾದರಿ ಅನ್ಕೋಬೇಡಿ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ತಮ್ಮ ಫೋಟೋನೂ ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಫೋಟೋನೂ ಪಕ್ಕಪಕ್ಕ ಹಾಕಿದ್ರು. ಇಬ್ರ ಬಿಎಂಐನೂ 22.3. ಆದ್ರೆ ಮೈಯಲ್ಲಿರೋ ಕೊಬ್ಬು ಯುಡ್ಕಿನ್‌ಗೆ 9.1 ಪರ್ಸೆಂಟ್, ಯಾಜ್ಞಿಕರಿಗೆ 21.2. ನೋಡೋಕೆ ತೆಳ್ಳಗೆ, ಒಳಗೆಲ್ಲಾ ಕೊಬ್ಬು, ನಮ್ಮ ಕಡೆ ಶುಗರ್ ಬೇಗ ಬರೋಕೆ ಇದೂ ಒಂದು ಕಾರಣ. ನಂಗೆ ಇಷ್ಟ ಆಗಿದ್ದು ಏನ್ ಗೊತ್ತಾ, ಆ ಮನುಷ್ಯ ತನ್ನ ಮೈಯನ್ನೇ ತೋರ್ಸಿ ಹೇಳಿದ್ದು.

ನಮ್ಮಲ್ಲೂ ಒಬ್ರು ಸರ್ ಇದಾರೆ, ಹೊಟ್ಟೆ ಚೆನ್ನಾಗೇ ಇದೆ. ಜೇಬಲ್ಲಿ ಟೈಲರ್ ಟೇಪು. ಪೇಷಂಟ್ ಸೊಂಟ ಅಳೆಯೋಕ್ ಮುಂಚೆ ತಮ್ದು ಅಳೀತಾರೆ. "ನಂದು 98 ಸೆಂಟಿಮೀಟರ್, ಗಂಡಸ್ರಿಗೆ 90 ದಾಟಬಾರ್ದು, ಆರು ತಿಂಗಳಿಂದ ಒದ್ದಾಡ್ತಿದೀನಿ, ನಿಮ್ದೆಷ್ಟು ನೋಡೋಣ ಬನ್ನಿ" ಅಂತಾರೆ. ಅವ್ರ ಪೇಷಂಟ್‌ಗಳು ತಿರ್ಗಾ ಬರ್ತಾರೆ ರೀ. ಬೈಯೋ ಡಾಕ್ಟರ್ ಹತ್ರ ತೂಕ ಇಳೀದಿದ್ರೆ ಫಾಲೋಅಪ್‌ಗೇ ಬರಲ್ಲ ಜನ, ನಾಚ್ಕೆ.

ಕರ್ನಾಟಕದಲ್ಲಿ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಗಂಡಸ್ರಲ್ಲೂ ಹೆಂಗಸ್ರಲ್ಲೂ ನೂರಕ್ಕೆ ಸುಮಾರು 30 ಜನ ತೂಕ ಜಾಸ್ತಿ ಇರೋವ್ರು. ಯೂನಿಫಾರ್ಮ್ ಹಾಕಿದ್ ಮಾತ್ರಕ್ಕೆ ನಾವು ಆ 30ರಿಂದ ಹೊರಗಾ?

ಅಂಕಲ್ ಹೊರಡೋವಾಗ ಲಿಫ್ಟ್ ಹತ್ರ ಹೋಗಿ ಹೇಳ್ದೆ, "ಅಂಕಲ್ ನಂದು 84, ನಿಮ್ದು 91. 12ನೇ ತಾರೀಖು ಫಾಲೋಅಪ್‌ಗೆ ಬಂದಾಗ ಇಬ್ರೂ ಒಂದೇ ಮಷಿನ್ ಮೇಲೆ ನಿಲ್ಲೋಣ." ಅವ್ರು ಒಂದ್ ಕ್ಷಣ ನೋಡಿ "ಆಯ್ತಮ್ಮ" ಅಂದ್ರು. ಈ ಸಲ ನಗ್ಲಿಲ್ಲ.

ನಿನ್ನೆ ನೈಟು ಯಾರೋ ಮೈಸೂರ್‌ಪಾಕ್ ಡಬ್ಬ ತಂದಿಟ್ರು. ಒಂದೇ ಪೀಸ್ ತಿಂದೆ. ಸುಳ್ಳು, ಎರಡು.