ಹರ್ಕೊಮರನ ಮುದುಕಿಯರು, ಶಿರಸಿಯ ಪಹಣಿ

ಲಿವರ್‌ಪೂಲಿನ ವಾಕರ್ ಆರ್ಟ್ ಗ್ಯಾಲರಿಯಲ್ಲಿ ಹ್ಯೂಬರ್ಟ್ ಹರ್ಕೊಮರ್ 1878ರಲ್ಲಿ ಬರೆದ ‘ಈವನ್‌ಟೈಡ್’ ಎಂಬ ದೊಡ್ಡ ತೈಲಚಿತ್ರವಿದೆ. ಚಿತ್ರದಲ್ಲಿರುವುದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಯೂನಿಯನ್ನಿನ ವರ್ಕ್‌ಹೌಸ್, ಎಂದರೆ ಗತಿಯಿಲ್ಲದವರನ್ನು ಸೇರಿಸಿಕೊಳ್ಳುತ್ತಿದ್ದ ಬಡವರ ಮನೆ. ಮುಂದುಗಡೆ ಮೇಜಿನ ಹತ್ತಿರ ಬಿಳಿ ಟೊಪ್ಪಿಯ ಮುದುಕಿಯರು ಹೊಲಿಗೆ ಹಿಡಿದು ಕೂತಿದ್ದಾರೆ. ಅವರ ಬೆನ್ನಿಗೆ ನೆಲ ಖಾಲಿಯಾಗಿ, ಓರೆಯಾಗಿ ಆಚೆ ಗೋಡೆಯವರೆಗೆ ಹೋಗುತ್ತದೆ. ಅಲ್ಲಿ ಇನ್ನಷ್ಟು ಮುದುಕಿಯರು, ಮುಖ ಗುರುತಿಲ್ಲ. ಹಿಂದಿನ ವರ್ಷ ‘ದಿ ಗ್ರಾಫಿಕ್’ ಪತ್ರಿಕೆಗೆ ಇದೇ ದೃಶ್ಯವನ್ನು ಮಾಡಿಕೊಟ್ಟಾಗ ಹರ್ಕೊಮರ್ ಇನ್ನೂ ನಿಷ್ಠುರನಾಗಿದ್ದ. ಬಣ್ಣಕ್ಕೆ ಬರುವಾಗ ಮೇಜಿನ ಮೇಲೆ ಚಹಾ ಕಪ್ಪು, ಹೂವು ಬಂದವು. ನೋಡುವವರ ಮನಸ್ಸಿಗೆ ನೋವಾಗದಿರಲಿ ಎಂದು ಮಾಡಿಕೊಂಡ ರಾಜಿ ಅದು ಅಂತಲೇ ನನ್ನ ಅಭಿಪ್ರಾಯ.

ಇಂಥ ಚಿತ್ರದ ಮುಂದೆ ನಿಂತ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು, ‘ನಮ್ಮ ಕಡೆ ಹೀಂಗಿಲ್ಲೆ, ಮಕ್ಕಳು ನೋಡ್ಕತ್ತ.’ ಆದರೆ ಆ ಮುದುಕಿಯರು ಅಲ್ಲಿ ಕೂತಿದ್ದ ಕಾಲದಲ್ಲಿ ಇಂಗ್ಲೆಂಡಿನಲ್ಲೂ ತಂದೆತಾಯಿಯನ್ನು ಸಾಕುವುದು ಮಕ್ಕಳ ಹೊಣೆ ಎಂಬ ಕಾನೂನೇ ಇತ್ತು. 1601ರ ಬಡವರ ಕಾಯ್ದೆಯಿಂದ ಬಂದದ್ದು ಅದು. 1948ರಲ್ಲಿ ನ್ಯಾಶನಲ್ ಅಸಿಸ್ಟೆನ್ಸ್ ಕಾಯ್ದೆ ಬಂದ ಮೇಲೆ ಹೋಯಿತು. ಮಕ್ಕಳೇ ಕೂಲಿನಾಲಿ ಮಾಡಿ ಹೊಟ್ಟೆ ಹೊರೆಯುವಾಗ ಅವರ ಮೇಲೆ ಹೊಣೆ ಹೊರಿಸಿ ಏನು ಗಿಟ್ಟೀತು? ಮುದುಕರ ಕೈಗೆ ಸ್ವಂತ ದುಡ್ಡು ಬರತೊಡಗಿದ್ದು 1909ರ ಜನವರಿಯಿಂದ, ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗಿನ ಪಿಂಚಣಿ ಶುರುವಾದಾಗ. ಅವರು ಬಿಟ್ಟ ದಾರಿಯನ್ನು ನಾವು 2007ರಲ್ಲಿ ಹಿಡಿದೆವು, ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಮಾಡಿ.

ಇಂಗ್ಲೆಂಡಿನದೇ ಚಂದ ಅಂತ ಹೊಗಳಲು ಹೊರಟಿಲ್ಲ. ಮುಪ್ಪಿನಲ್ಲಿ ನೆರವು ಬೇಕಾದವರಿಗೆ ಅಲ್ಲಿ ಅಟೆಂಡೆನ್ಸ್ ಅಲವೆನ್ಸ್ ಎಂಬ ಸರ್ಕಾರಿ ಭತ್ಯೆ ಇದೆ, ಅದಕ್ಕೆ ಆದಾಯ ಕೇಳುವುದಿಲ್ಲ. ಅವರಿಗೆ ಏನು ಬೇಕೆಂದು ನೋಡುವುದು 2014ರ ಕೇರ್ ಕಾಯ್ದೆಯಂತೆ ಕೌನ್ಸಿಲ್ಲಿನ, ಎಂದರೆ ಸ್ಥಳೀಯ ಆಡಳಿತದ, ಕರ್ತವ್ಯ. ಆದರೆ ಕೇರ್ ಹೋಮ್ ಸೇರಿದರೆ 23,250 ಪೌಂಡಿಗಿಂತ ಹೆಚ್ಚು ಆಸ್ತಿ ಇದ್ದವರು ಖರ್ಚು ತಾವೇ ಕೊಡಬೇಕು. ಒಂಟಿ ಮುದುಕರದಾದರೆ ಬಿಟ್ಟುಬಂದ ಮನೆಯೂ ಆ ಲೆಕ್ಕಕ್ಕೆ ಸೇರಿ ಕಡೆಗೆ ಮಾರಿಹೋಗುವುದುಂಟು. ಆದರೂ ಒಂದು ಗುಣ ಇದೆ: ಯಾರೂ ನೋಡುವವರಿಲ್ಲ ಎಂಬುದು ಫೈಲಿನಲ್ಲಿ ಬರೆದಿರುತ್ತದೆ.

ನಮ್ಮ ಕಡೆ ಅದು ಎಲ್ಲೂ ಬರೆದಿರುವುದಿಲ್ಲ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಆಯಿ, ಅಪ್ಪಯ್ಯ ಇಬ್ಬರೇ. ಮಗ ಬೆಂಗಳೂರಿನಿಂದ ತಿಂಗಳು ತಿಂಗಳು ದುಡ್ಡು ಹಾಕುತ್ತಾನೆ, ದಿನಾ ಫೋನು. ಊರಿನ ಲೆಕ್ಕದಲ್ಲಿ ಅವನು ಒಳ್ಳೆಯ ಮಗ. ಎದೆನೋವು ಬಂದ ರಾತ್ರಿ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕುಮಟಾ, ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವೆಗೆ ಓಡಬೇಕು. ಕಾರಿಗೆ ದುಡ್ಡು ಇರುತ್ತದೆ, ಜೊತೆಗೆ ಹೋಗುವ ಜನ ಇರುವುದಿಲ್ಲ. ವರ್ಷಗಟ್ಟಲೆ ಅಡಿಕೆ ಸುಲಿದ ಆಯಿಯ ಬೆರಳಿನ ಗೆರೆ ಸವೆದು ರೇಶನ್ ಅಂಗಡಿಯ ಯಂತ್ರ ಹೆಬ್ಬೆಟ್ಟು ಒಪ್ಪುವುದಿಲ್ಲ. ಮತ್ತೆ ಆಧಾರ್ ಸರಿಮಾಡಿಸಲು ತಾಲೂಕಿಗೆ ಕರೆದೊಯ್ಯುವವರು ಯಾರು? ಕಡಲ ಬದಿಯಲ್ಲಿ ಮೀನು ಮಾರುವ ಅಜ್ಜಿಗೆ ಬುಟ್ಟಿ ಹೊರುವಷ್ಟು ದಿನ ಮನೆಯಲ್ಲಿ ಮರ್ಯಾದೆ.

ನನಗೆ ಎಲ್ಲಕ್ಕಿಂತ ಅಂಜಿಕೆ ಹುಟ್ಟಿಸುವುದು ದಾನಪತ್ರ. ಮಗನ ಹೆಸರಿನಲ್ಲೂ ಬಡ್ಡಿಯಿಲ್ಲದ ಬೆಳೆಸಾಲ ಸಿಗಲಿ, ಮುಂದೆ ತಂಟೆ ಬೇಡ ಎಂದು ಅಪ್ಪಯ್ಯ ತೋಟ ಬರೆದುಕೊಡುತ್ತಾನೆ. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂಬ ಹಳೇ ವಾಕ್ಯ ಬರೆದು ಪತ್ರ ಬರಹಗಾರ ಕೈ ತೊಳೆದುಕೊಳ್ಳುತ್ತಾನೆ. ಪಹಣಿ ಬದಲಾದ ಮೇಲೆ ಅಡಿಕೆ ವಿಕ್ರಿಯ ದುಡ್ಡೂ ಮಗನ ಸೊಸೈಟಿ ಖಾತೆಗೆ. ನಿನ್ನೆಯವರೆಗೆ ಯಜಮಾನನಾಗಿದ್ದವನು ಬಿಪಿ ಮಾತ್ರೆಗೆ ಕೈಯೊಡ್ಡಬೇಕು.

ನಮ್ಮ 2007ರ ಕಾಯ್ದೆಯ 23ನೇ ಕಲಮಿನಂತೆ ಇಂಥ ದಾನವನ್ನು ರದ್ದು ಮಾಡಿಸಬಹುದು. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟದ್ದಾಗಿರಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. 2025ರ ಜನವರಿಯ ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಆದರೆ ಅಲ್ಲಿ ಮಗ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟಿದ್ದ ಎಂಬುದನ್ನು ಮರೆಯಬಾರದು. ಹಾಗಾಗಿ ಊಟ, ವಸತಿ, ಔಷಧಿ, ಆರೈಕೆ ಇಷ್ಟನ್ನೂ ಪತ್ರದಲ್ಲೇ ಹೆಸರಿಸಿ ಬರೆಸಬೇಕು. ಬದುಕಿರುವ ತನಕ ಉತ್ಪನ್ನದ ಅನುಭೋಗ ತನ್ನದೇ ಎಂದೂ ಸೇರಿಸಬೇಕು. ಇನ್ನೂ ಸುಲಭ ಎಂದರೆ ವಿಲ್. ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯವಲ್ಲ, ಮನಸ್ಸು ಬದಲಾದರೆ ಹರಿದು ಹೊಸದು ಬರೆಯಬಹುದು. ಸಾಲ ಬೇಕೆಂದು ಮಗ ಅವಸರ ಮಾಡಿದರೆ ಒಂದು ತುಂಡು ಭೂಮಿ ಕೊಡಲಿ, ಪೂರ್ತಿ ತೋಟ ಯಾಕೆ?

ಬರೆದುಕೊಟ್ಟು ಆಗಿಹೋಗಿದ್ದರೆ ಇಂಥ ಅರ್ಜಿ ಕೇಳುವ ಎಸಿ (ಉಪವಿಭಾಗಾಧಿಕಾರಿ) ಕಚೇರಿ ಇದೆ: ನಮ್ಮ ಜಿಲ್ಲೆಯಲ್ಲಿ ಕಾರವಾರ, ಕುಮಟಾ, ಶಿರಸಿ, ಭಟ್ಕಳ. ವಕೀಲರನ್ನು ಹಿಡಿಯಬೇಕೆಂದಿಲ್ಲ. ಜೀವನಾಂಶದ ಅರ್ಜಿ ನೋಟಿಸು ಮುಟ್ಟಿದ 90 ದಿನದೊಳಗೆ ತೀರಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರನಾಗುವ ನೆಂಟನ ಮೇಲೂ ಅರ್ಜಿ ಹಾಕಬಹುದು. ಆದರೆ ಎಷ್ಟು ಆಯಿಯಂದಿರು ಮಗನ ಮೇಲೆ ಅರ್ಜಿಗೆ ಸಹಿ ಹಾಕುತ್ತಾರೆ? ‘ನಮ್ಮ ಮಾಣಿ ಹೆಸರು ಹಾಳಪ್ಪುದು ಬ್ಯಾಡ’ ಎಂದು ಅನ್ನ ಬಿಟ್ಟಾರೇ ಹೊರತು ಸಹಿ ಹಾಕುವುದಿಲ್ಲ. ತಾನೇ ಹೋಗಲಾಗದವರು ಬೇರೆಯವರಿಗೆ ಅಧಿಕಾರ ಕೊಟ್ಟರೆ ಅವರೂ ಅರ್ಜಿ ಕೊಡಬಹುದು, ಸಂಸ್ಥೆಯೂ ಕೊಡಬಹುದು. 14567ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಹೊರನಾಡಿನಲ್ಲಿ ಕೂತು ರಾಜ್ಯೋತ್ಸವಕ್ಕೆ ಹಣ ಎತ್ತುವ ನಮ್ಮ ಸಂಘಗಳು ಊರಲ್ಲಿ ಇಂಥ ಅರ್ಜಿ ಬರೆದುಕೊಡುವ, ಆಸ್ಪತ್ರೆಗೆ ಜೊತೆಗೆ ಹೋಗುವ ಇಬ್ಬರಿಗೆ ಸಂಬಳ ಕೊಡಲಿ, ತಾಲೂಕಿಗೆ ಇಬ್ಬರು.