ಮೇಪಲ್ ಮರದ ಅಂಟು ನಂಟು

ನ್ಯೂಜೆರ್ಸಿಯ ಹಳೆಯ ಬಡಾವಣೆಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗೆ ಜೂನ್ ಬಂತೆಂದರೆ ಬೆಳಗಿನ ಕೆಲಸಗಳ ಪಟ್ಟಿಗೆ ಇನ್ನೊಂದು ಸೇರಿಕೊಳ್ಳುತ್ತದೆ: ಕಾರಿನ ಗಾಜು ಉಜ್ಜುವುದು. ರಾತ್ರಿ ಮೇಪಲ್ ಮರದ ಕೆಳಗೆ ನಿಲ್ಲಿಸಿದ ಕಾರಿನ ಮೇಲೆಲ್ಲ ಸಣ್ಣ ಸಣ್ಣ ಹನಿಗಳು ಬಿದ್ದು ಒಣಗಿರುತ್ತವೆ. ವೈಪರ್ ಆಡಿಸಿದರೆ ಅಳಿಸಿಹೋಗುವ ಬದಲು ಗಾಜಿನ ತುಂಬ ಬಳಿದುಕೊಂಡು ಎದುರಿನ ರಸ್ತೆಯೇ ಮಸುಕಾಗುತ್ತದೆ. ಮರದಡಿಯ ಕುರ್ಚಿಗೆ ಕೈ ಇಟ್ಟರೆ ಕೈ ಅಂಟುತ್ತದೆ, ಎಲೆ ಮುಟ್ಟಿದರೆ ಬೆರಳು ಅಂಟುತ್ತದೆ.

ಮೇಪಲ್ ಎಂದೊಡನೆ ಸಿರಪ್ ನೆನಪಾಗುವುದರಿಂದ, ಮರವೇ ತನ್ನ ಸಿಹಿಯನ್ನು ಸುರಿಸುತ್ತಿದೆ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಇದು ಮರಕ್ಕೆ ಮಾಡುವ ಅನ್ಯಾಯ. ಸಿರಪ್ಪಿನ ರಸ ಇಳಿಯುವುದು ಚಳಿಗಾಲದ ಕೊನೆಯಲ್ಲಿ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಅದೂ ಕಾಂಡಕ್ಕೆ ರಂಧ್ರ ಕೊರೆದರೆ ಮಾತ್ರ. ಅದರಲ್ಲಿರುವ ಸಕ್ಕರೆ ಸುಮಾರು ಶೇ. 2 ಅಷ್ಟೇ, 40 ಲೀಟರ್ ಕುದಿಸಿದರೆ ಒಂದು ಲೀಟರ್ ಸಿರಪ್ ದಕ್ಕುತ್ತದೆ. ಮೇಲಾಗಿ ಬೀದಿಬದಿಯಲ್ಲಿ ನಿಂತಿರುವುದು ಬಹುಮಟ್ಟಿಗೆ ಸಿರಪ್ಪಿನ ಮೇಪಲ್ಲೇ ಅಲ್ಲ, ಯೂರೋಪಿನಿಂದ ತಂದು ನೆಟ್ಟ ನಾರ್ವೆ ಮೇಪಲ್. ಡಚ್ ಎಲ್ಮ್ ರೋಗ ಬಂದು ಬೀದಿಯ ಎಲ್ಮ್ ಮರಗಳು ಸಾಲುಸಾಲಾಗಿ ಸತ್ತಾಗ ಆ ಜಾಗಗಳಿಗೆ ಇದನ್ನು ಧಾರಾಳವಾಗಿ ನೆಟ್ಟರು. ಗುರುತು ಹಿಡಿಯುವುದು ಸುಲಭ. ಎಲೆಯ ತೊಟ್ಟು ಮುರಿದರೆ, ಎಕ್ಕದ ಎಲೆ ಕಿತ್ತಾಗ ಬರುವಂತೆ, ಬಿಳಿ ಹಾಲು ಒಸರುತ್ತದೆ. ಆ ಹಾಲಿಗೂ ಕಾರಿನ ಮೇಲಿನ ಹನಿಗೂ ಸಂಬಂಧವಿಲ್ಲ.

ಸಂಬಂಧ ಎಲ್ಲಿದೆ ಎಂದು ತಿಳಿಯಲು ಕತ್ತೆತ್ತಿ ನೋಡಬೇಕು. ಅಂಟಿರುವುದು ಕೆಳಗಿನ ಎಲೆಗಳ ಮೇಲ್ಮೈಯಲ್ಲಿ, ಅದಕ್ಕೆ ಕಾರಣರಾದವರು ಇರುವುದು ಮೇಲಿನ ಎಲೆಗಳ ಅಡಿಯಲ್ಲಿ. ಒಂದು ಕೊಂಬೆ ಬಗ್ಗಿಸಿ ಎಲೆಯನ್ನು ಮಗುಚಿದರೆ ನರಗಳ ಬದಿಯಲ್ಲಿ ಎರಡು ಮೂರು ಮಿಲಿಮೀಟರ್ ಉದ್ದದ, ಮೆತ್ತನೆಯ ಮೈಯ ಸಸ್ಯಹೇನುಗಳು (ಏಫಿಡ್) ಸಾಲಾಗಿ ಕುಳಿತಿರುತ್ತವೆ. ಎಲೆಯಲ್ಲಿ ಏನೂ ಕಾಣದಿದ್ದರೆ ರೆಂಬೆಗಳನ್ನು ನೋಡಬೇಕು. ಅಲ್ಲಿ ಹತ್ತಿಯ ಚೂರು ಮೆತ್ತಿದಂತಿದ್ದರೆ ಅದು ರಸ ಹೀರುವ ಇನ್ನೊಂದು ಜೀವಿ, ಶಲ್ಕ ಕೀಟ (ಸ್ಕೇಲ್), ಆ ಹತ್ತಿಯೊಳಗೆ ನೂರಾರು ಮೊಟ್ಟೆಗಳಿರುತ್ತವೆ. ಇದಕ್ಕೆ ನಾರ್ವೆ ಮೇಪಲ್ಲಿಗಿಂತ ಸಿಲ್ವರ್ ಮೇಪಲ್ ಅಚ್ಚುಮೆಚ್ಚು. ಕಾಂಡದ ಮೇಲೆ ಇರುವೆಗಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದರೆ ಮೇಲೆ ಅನ್ನಸಂತರ್ಪಣೆ ನಡೆದಿದೆ ಎಂದೇ ಲೆಕ್ಕ.

ಹೇನಿನ ಊಟದ ರೀತಿ ವಿಚಿತ್ರವಾದದ್ದು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಸಾಗಿಸುವ ನಾಳಕ್ಕೆ ಅದು ಸೂಜಿಯಂಥ ಬಾಯಿ ಚುಚ್ಚುತ್ತದೆ. ಆ ರಸದಲ್ಲಿ ಸಕ್ಕರೆ ಹೇರಳ, ಮೈ ಬೆಳೆಸುವ ಅಮೈನೋ ಆಮ್ಲ ಕಡಿಮೆ. ಬೇಕಾದಷ್ಟು ಆಮ್ಲ ಸಿಗಬೇಕಾದರೆ ಬೇಡವಾದಷ್ಟು ರಸ ಕುಡಿಯಬೇಕು. ಮಿಕ್ಕ ಸಕ್ಕರೆನೀರು ಹಿಂದಿನಿಂದ ಹೊರಬೀಳುತ್ತದೆ. ನಾವು ಗಾಜಿನಿಂದ ಉಜ್ಜುವುದು ಇದನ್ನೇ. ಇದರ ಮೇಲೆ ಆಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ; ಅದು ಎಲೆಯನ್ನು ತಿನ್ನದು, ಸಕ್ಕರೆಯನ್ನಷ್ಟೇ ತಿನ್ನುತ್ತದೆ, ಬಿಸಿಲನ್ನು ಒಂದಿಷ್ಟು ತಡೆಯುತ್ತದೆ. ಮಾವು ಹೂಬಿಟ್ಟಾಗ ಜಿಗಿಹುಳು ಹತ್ತಿ ಎಲೆಯೆಲ್ಲ ಅಂಟಂಟಾಗಿ ಕಪ್ಪಗಾಗುವುದನ್ನು ಕಂಡಿರುವ ಶ್ರೀನಿವಾಸಪುರದ ಕಡೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು. ಇನ್ನು ಜರ್ಮನಿಯ ಕಪ್ಪುಕಾಡಿನಲ್ಲಿ ಜೇನ್ನೊಣಗಳು ಫರ್ ಮರಗಳ ಇಂಥದೇ ಹನಿ ಹೀರಿ ಮಾಡುವ ಕಡುಬಣ್ಣದ ಜೇನಿಗೆ ಒಳ್ಳೆಯ ಬೆಲೆಯಿದೆ. ಕೊಳ್ಳುವವರು ಅದರ ಮೂಲವನ್ನು ಹೆಚ್ಚು ವಿಚಾರಿಸದಿರುವುದು ಕ್ಷೇಮ.

ಚಿಕಿತ್ಸೆಯ ಮಾತಿಗೆ ಬಂದರೆ, ದೊಡ್ಡ ಮರಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಿಲ್ಲ. ಗಟ್ಟಿಮುಟ್ಟಾದ ಮೇಪಲ್ ಇಷ್ಟು ರಸ ಕಳೆದುಕೊಂಡು ಸಾಯುವುದಿಲ್ಲ; ಕಾಯಿಲೆ ಇರುವುದು ಮರಕ್ಕಲ್ಲ, ನಮ್ಮ ಪಾರ್ಕಿಂಗಿಗೆ. ಇದನ್ನು ಒಪ್ಪದೆ ಔಷಧಿ ಹೊಡೆಸಿದರೆ ಏನಾಗಬಹುದೆಂಬುದಕ್ಕೆ 2013ರ ಜೂನಿನಲ್ಲಿ ಆರೆಗಾನ್ ರಾಜ್ಯದ ವಿಲ್ಸನ್‌ವಿಲ್ ಊರಿನಲ್ಲಿ ನಡೆದದ್ದು ಸಾಕ್ಷಿ. ಅಂಗಡಿಯೊಂದರ ಕಾರು ನಿಲ್ದಾಣದಲ್ಲಿ ಹೂಬಿಟ್ಟಿದ್ದ ಲಿಂಡನ್ ಮರಗಳಿಗೆ ಹೇನಿನ ಕಾಟಕ್ಕೆಂದು ಡೈನೋಟೆಫ್ಯೂರಾನ್ ಎಂಬ ಕೀಟನಾಶಕ ಸಿಂಪಡಿಸಿದ್ದರಿಂದ ಸುಮಾರು 50,000 ಬಂಬಲ್ ದುಂಬಿಗಳು ನೆಲಕ್ಕುದುರಿ ಸತ್ತವು. ಮೇಪಲ್ ಕೂಡ ವಸಂತದ ಆರಂಭದಲ್ಲೇ ಹೂಬಿಟ್ಟು ದುಂಬಿ, ಜೇನುಗಳನ್ನು ಸಾಕುವ ಮರ. ಬೇರಿಗೆ ಸುರಿದ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಆ ಹೂವಿಗೂ ಏರುತ್ತದೆ ಎಂಬುದನ್ನು ಮರೆಯಬಾರದು.

ಕೈಗೆಟುಕುವ ಎಳೆಯ ಗಿಡವಾದರೆ ಬೇರೆ ಮಾತು. ಬೆಳಗಿನ ಹೊತ್ತು ಪೈಪಿನಿಂದ ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹಾಯಿಸಿದರೆ ಸಾಕು. ಉದುರಿದ ಹೇನುಗಳಲ್ಲಿ ಹೆಚ್ಚಿನವು ಮತ್ತೆ ಮರ ಹತ್ತುವುದಿಲ್ಲ. ಕೀಟನಾಶಕ ಸಾಬೂನಿನ ದ್ರಾವಣವನ್ನೂ ಬಳಸಬಹುದು. ತೋಟಗಾರಿಕೆಯ ಎಣ್ಣೆಯನ್ನು ಮಾತ್ರ ಜಪಾನೀ ಮೇಪಲ್ಲಿಗೆ ಹೊಡೆಯದಿರುವುದು ಒಳ್ಳೆಯದು, ಎಲೆ ಸುಟ್ಟೀತು. ಹುಲ್ಲುಹಾಸಿಗೆ ಸುರಿಯುವ ಸಾರಜನಕ ಗೊಬ್ಬರವನ್ನು ಕಡಿಮೆ ಮಾಡಿದರೆ ರಸಭರಿತ ಚಿಗುರು ತಗ್ಗಿ ಹೇನೂ ತಗ್ಗುತ್ತದೆ. ಕಾಂಡಕ್ಕೆ ಕಾಗದ ಸುತ್ತಿ ಅದರ ಮೇಲೆ ಅಂಟು ಬಳಿದರೆ ಇರುವೆಗಳ ದಾರಿ ಮುಚ್ಚುತ್ತದೆ. ಹೇನನ್ನು ಕಾಯುವ ಈ ಇರುವೆಗಳು ಸರಿದರೆ ಹೇನು ತಿನ್ನುವ ಗುಲಗಂಜಿ ಹುಳುಗಳು (ಲೇಡಿಬಗ್) ಬಂದು ತಮ್ಮ ಕೆಲಸ ನೋಡಿಕೊಳ್ಳುತ್ತವೆ. ಅವುಗಳ ಮರಿಗಳಿಗೆ ತಾಯಿಯ ಚೆಲುವಿಲ್ಲ. ಕಪ್ಪು ಮೈ, ಕಿತ್ತಳೆ ಚುಕ್ಕೆ, ಮುಳ್ಳು ಮುಳ್ಳು ಬೆನ್ನು. ಇಡೀ ಗಿಡದಲ್ಲಿ ಹೇನು ತಿನ್ನುವುದರಲ್ಲಿ ಇವುಗಳನ್ನು ಮೀರಿಸುವವರು ಕಡಿಮೆ, ಆದರೆ ಔಷಧಿಯ ಡಬ್ಬಿ ಹಿಡಿದು ಬಂದವರ ಕಣ್ಣಿಗೆ ಮೊದಲು ಬೀಳುವುದೂ ಇವೇ.